ಗೋಗಿಯ ಗೋರಿಗಳು: ಖುತ್ಬಾ ಬದಲಾದಾಗಲೆಲ್ಲ ಏನೇನು ಬದಲಾಯಿತು?

ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದವರಿಗೆ ಅಲ್ಲಿ ಮಲಗಿದ ಬುದ್ಧ ಕಾಣಿಸುತ್ತಾನೆ. ಬಸ್ಸಿನ ಕಿಟಕಿಯಿಂದ ಮಕ್ಕಳಿಗೆ ಬೆರಳು ಮಾಡಿ ತೋರಿಸುವಷ್ಟು ಆ ನೋಟ ಪ್ರಸಿದ್ಧ. ಆದರೆ ಅದೇ ತಾಲ್ಲೂಕಿನ ಗೋಗಿ ಗ್ರಾಮದಲ್ಲಿ ವಿಜಾಪುರದ ಮೂವರು ಸುಲ್ತಾನರು ಮಣ್ಣಾಗಿದ್ದಾರೆ ಎಂಬುದನ್ನು ಬಲ್ಲವರು ಕಡಿಮೆ. ಗೋಳಗುಮ್ಮಟ ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಆ ಗುಮ್ಮಟ ಕಟ್ಟಿಸಿದ ಮನೆತನದ ಮೂಲಪುರುಷನ ಗೋರಿ ಹುಡುಕಿಕೊಂಡು ಗೋಗಿಗೆ ಬರುವವರು ವಿರಳ. ಈಚಿನ ವರ್ಷಗಳಲ್ಲಿ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಕಂಡದ್ದು ಹೆಚ್ಚಾಗಿ ಯುರೇನಿಯಂ ನಿಕ್ಷೇಪದ ದೆಸೆಯಿಂದ.

ಇಲ್ಲಿ ಮಲಗಿರುವವರು ಆದಿಲ್‌ಶಾಹಿ ರಾಜ್ಯ ಸ್ಥಾಪಿಸಿದ ಯೂಸುಫ್ ಆದಿಲ್ ಶಾಹ, ಅವನ ಮಗ ಇಸ್ಮಾಯಿಲ್ ಮತ್ತು ಮೊಮ್ಮಗ ಮೊದಲನೆಯ ಇಬ್ರಾಹೀಂ. ಅಜ್ಜ, ಮಗ, ಮೊಮ್ಮಗ ಮೂವರೂ ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾದ ಸನ್ನಿಧಿಯಲ್ಲಿ ಹತ್ತಿರ ಹತ್ತಿರವೇ ಇದ್ದಾರೆ. ಬದುಕಿದ್ದಾಗ ಮಾತ್ರ ಧರ್ಮದ ವಿಷಯದಲ್ಲಿ ಇವರ ದಾರಿ ಒಂದೇ ಆಗಿರಲಿಲ್ಲ. ಅಜ್ಜ ತನ್ನ ರಾಜ್ಯದಲ್ಲಿ ಶಿಯಾ ಪಂಥವನ್ನು ಘೋಷಿಸಿದ. ಮಗ ಅದನ್ನು ಇನ್ನಷ್ಟು ಬಿಗಿ ಮಾಡಿದ. ಮೊಮ್ಮಗ ಪಟ್ಟಕ್ಕೆ ಬಂದವನೇ ಎಲ್ಲವನ್ನೂ ತೆಗೆದುಹಾಕಿ ಸುನ್ನಿ ಪಂಥಕ್ಕೆ ಮರಳಿದ. ಮರಿಮಗ ಮತ್ತೆ ಶಿಯಾ ಆದ. ಎಂಬತ್ತು ವರ್ಷಗಳೊಳಗೆ ವಿಜಾಪುರದ ಮಸೀದಿಗಳಲ್ಲಿ ಶುಕ್ರವಾರದ ಪ್ರವಚನ ಇಷ್ಟು ಸಲ ಬದಲಾದದ್ದು ಏಕೆ? ಬರೇ ನಂಬಿಕೆಯ ಪ್ರಶ್ನೆಯೇ, ಅದರ ಹಿಂದೆ ಬೇರೆ ಲೆಕ್ಕಾಚಾರವೂ ಇತ್ತೇ?

ಖುತ್ಬಾ ಎಂದರೆ

ಶುಕ್ರವಾರದ ಸಾಮೂಹಿಕ ನಮಾಜಿಗೆ ಮುನ್ನ ಮಸೀದಿಯ ವೇದಿಕೆಯಿಂದ ಓದುವ ಪ್ರವಚನಕ್ಕೆ ಖುತ್ಬಾ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಇದು ಧಾರ್ಮಿಕ ವಿಧಿಯಷ್ಟೇ ಆಗಿರಲಿಲ್ಲ. ಅದರಲ್ಲಿ ಆಳುವ ದೊರೆಯ ಹೆಸರು ಹೇಳಿ ಪ್ರಾರ್ಥಿಸುವುದು ವಾಡಿಕೆ. ನಾಣ್ಯದ ಮೇಲೆ ಹೆಸರು ಟಂಕಿಸುವುದು ಮತ್ತು ಖುತ್ಬಾದಲ್ಲಿ ಹೆಸರು ಓದಿಸುವುದು, ಇವೆರಡು ಅರಸುತನದ ಗುರುತು. ಪತ್ರಿಕೆ, ರೇಡಿಯೋ ಇಲ್ಲದ ಕಾಲದಲ್ಲಿ ಈಗ ದೊರೆ ಯಾರು, ಅವನು ಯಾರ ಪಕ್ಷ ಎಂಬುದು ಜನಕ್ಕೆ ತಿಳಿಯುತ್ತಿದ್ದುದು ಅಲ್ಲಿಯೇ.

ಶಿಯಾ ಮತ್ತು ಸುನ್ನಿ ಒಡಕು ಅರಬ್ ನಾಡಿನಲ್ಲಿ ಹುಟ್ಟಿದ್ದು. ಕ್ರಿ.ಶ. 632ರಲ್ಲಿ ಪ್ರವಾದಿ ಮಹಮ್ಮದರು ತೀರಿಕೊಂಡ ಮೇಲೆ ಸಮುದಾಯದ ನೇತೃತ್ವ ಯಾರಿಗೆ ಸೇರಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಬಂತು. ಪ್ರವಾದಿಯವರ ಅಳಿಯ ಅಲಿ ಅವರಿಗೇ ಅದು ಸಲ್ಲಬೇಕಿತ್ತು ಎಂದವರು ಕಾಲಕ್ರಮದಲ್ಲಿ ಶಿಯಾ ಎನಿಸಿಕೊಂಡರು. ಅಬೂಬಕರ್ ಮೊದಲಾದ ಖಲೀಫರ ಪರಂಪರೆಯನ್ನು ಒಪ್ಪಿದವರು ಸುನ್ನಿಗಳು. 680ರಲ್ಲಿ ಅಲಿಯವರ ಮಗ ಹುಸೇನರು ಕರ್ಬಲಾದಲ್ಲಿ ಹತರಾದ ಮೇಲೆ ಈ ಬಿರುಕು ಆಳವಾಯಿತು. ಶಿಯಾಗಳಲ್ಲಿ ಬಹುಸಂಖ್ಯಾತರು ಅಲಿಯವರಿಂದ ಮೊದಲುಗೊಂಡು ಹನ್ನೆರಡು ಮಂದಿ ಇಮಾಮರನ್ನು ಮನ್ನಿಸುತ್ತಾರೆ. ಆದ್ದರಿಂದ ಖುತ್ಬಾದಲ್ಲಿ ಹನ್ನೆರಡು ಇಮಾಮರ ಹೆಸರು ಬಂತೆಂದರೆ ದೊರೆ ಶಿಯಾ. ಖಲೀಫರ ಹೆಸರು ಬಂತೆಂದರೆ ಸುನ್ನಿ. ಕೇಳಿಸಿಕೊಂಡವರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಇದರ ಜೊತೆಗೆ ದಖ್ಖನ್ನಿನದೇ ಆದ ಇನ್ನೊಂದು ಒಡಕಿತ್ತು. ಬಹಮನಿ ಕಾಲದಿಂದಲೂ ಆಸ್ಥಾನದಲ್ಲಿ ಎರಡು ಗುಂಪುಗಳು. ಇರಾನ್, ಮಧ್ಯ ಏಷ್ಯಾ ಕಡೆಯಿಂದ ಹಡಗು ಹತ್ತಿ ಬಂದು ಸೇನೆ, ದಫ್ತರು, ವ್ಯಾಪಾರಗಳಲ್ಲಿ ನೆಲೆ ಕಂಡವರು ಅಫಾಕಿಗಳು. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿ ಕಡೆಯಿಂದ ಬಂದು ಇಲ್ಲಿಯವರೇ ಆಗಿಹೋದವರು ಮತ್ತು ಇಲ್ಲಿಯ ಮಣ್ಣಿನ ಮುಸ್ಲಿಮರು ದಖನಿಗಳು. ಆಫ್ರಿಕಾ ಮೂಲದ ಹಬಶಿಗಳು ಸಾಮಾನ್ಯವಾಗಿ ದಖನಿಗಳ ಕಡೆ ನಿಲ್ಲುತ್ತಿದ್ದರು. ಬೀದರಿನಲ್ಲಿ ಮದರಸಾ ಕಟ್ಟಿಸಿದ ಪ್ರಧಾನಿ ಮಹಮೂದ್ ಗಾವಾನ್ ಇರಾನಿನಿಂದ ಬಂದವನು. 1481ರಲ್ಲಿ ಅವನ ತಲೆ ಹೋದದ್ದು ದಖನಿ ಸರದಾರರ ಸಂಚಿನಿಂದ. ಅಫಾಕಿಗಳಲ್ಲಿ ಹೆಚ್ಚಿನವರು ಶಿಯಾಗಳು, ದಖನಿಗಳಲ್ಲಿ ಹೆಚ್ಚಿನವರು ಸುನ್ನಿಗಳು. ಹೀಗಾಗಿ ಪಂಥ ಯಾವುದೆಂಬ ಮಾತೂ ನೌಕರಿ ಯಾರಿಗೆಂಬ ಮಾತೂ ಒಂದಕ್ಕೊಂದು ತೆಕ್ಕೆ ಬಿದ್ದವು. ವಿಜಾಪುರದ ಮುಂದಿನ ಕಥೆಗೆ ಇದೇ ಕೀಲಿಕೈ.

ಅಜ್ಜನ ಘೋಷಣೆ

ಯೂಸುಫ್ ಇದೇ ಗಾವಾನನ ಆಶ್ರಯದಲ್ಲಿ ಮೇಲೆ ಬಂದವನು. ಅವನು ತುರ್ಕಿಯ ಸುಲ್ತಾನನ ಮಗ, ಕೊಲೆಯಿಂದ ಪಾರಾಗಿ ಇರಾನಿನ ಸಾವಾ ಪಟ್ಟಣದಲ್ಲಿ ಗುಟ್ಟಾಗಿ ಬೆಳೆದವನು ಎಂದು ಇತಿಹಾಸಕಾರ ಫರಿಷ್ತಾ ಬಣ್ಣಿಸುತ್ತಾನೆ. ಇಂಥ ಕಥೆಗಳನ್ನು ಹೊಸ ರಾಜಮನೆತನಗಳು ಎಲ್ಲ ಕಾಲದಲ್ಲೂ ಕಟ್ಟಿಕೊಂಡಿವೆ. ಇದನ್ನು ಇಂದಿನ ವಿದ್ವಾಂಸರು ಅಷ್ಟಾಗಿ ನಂಬುವುದಿಲ್ಲ. 1490ರ ಸುಮಾರಿಗೆ ಬಹಮನಿ ರಾಜ್ಯ ಒಡೆದಾಗ ಯೂಸುಫ್ ವಿಜಾಪುರದಲ್ಲಿ ಸ್ವತಂತ್ರನಾದ.

1501ರಲ್ಲಿ ಇರಾನಿನ ಯುವ ದೊರೆ ಶಾಹ ಇಸ್ಮಾಯಿಲ್ ಸಫವಿ ತನ್ನ ರಾಜ್ಯದಲ್ಲಿ ಶಿಯಾ ಪಂಥವನ್ನು ರಾಜಧರ್ಮವೆಂದು ಸಾರಿದ. ಸಮುದ್ರ ದಾಟಿ ಸುದ್ದಿ ಬಂತು. ಮರುವರ್ಷ, 1502ರ ಸುಮಾರಿಗೆ, ಯೂಸುಫ್ ವಿಜಾಪುರದ ಮಸೀದಿಯಲ್ಲಿ ಹನ್ನೆರಡು ಇಮಾಮರ ಹೆಸರಿನ ಖುತ್ಬಾ ಓದಿಸಿದ. ಭಾರತದಲ್ಲಿ ಒಬ್ಬ ಸುಲ್ತಾನ ಹೀಗೆ ಬಹಿರಂಗವಾಗಿ ಮಾಡಿದ್ದು ಇದೇ ಮೊದಲು ಎನ್ನುತ್ತಾನೆ ಫರಿಷ್ತಾ.

ಯೂಸುಫ್ ಎಚ್ಚರದ ಮನುಷ್ಯ. ಸುನ್ನಿಗಳು ಗೌರವಿಸುವ ಪ್ರವಾದಿಯವರ ಸಂಗಡಿಗರನ್ನು ಯಾರೂ ಹಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದ. ಸುನ್ನಿ ಸರದಾರರು ತಮ್ಮ ಜಾಗೀರುಗಳಲ್ಲಿ ತಮ್ಮ ಕ್ರಮದಂತೆಯೇ ನಮಾಜು ನಡೆಸಲು ಬಿಟ್ಟ. ಆದರೂ ನೆರೆಯವರು ಸುಮ್ಮನಿರಲಿಲ್ಲ. ಬೀದರಿನ ಹೆಸರಿಗಷ್ಟೇ ಉಳಿದಿದ್ದ ಬಹಮನಿ ಸುಲ್ತಾನನ ಕರೆಗೆ ಓಗೊಟ್ಟು ಅಹಮದನಗರ ಮತ್ತು ಗೋಲ್ಕೊಂಡದ ದಂಡುಗಳು ಯೂಸುಫನ ಮೇಲೆ ಬಂದವು. ಎಳೆಯ ಮಗನನ್ನು ನಂಬಿಕೆಯ ಸರದಾರ ಕಮಾಲ್ ಖಾನನ ಜೊತೆ ವಿಜಾಪುರಕ್ಕೆ ಕಳಿಸಿ ಯೂಸುಫ್ ಬೇರಾರಿನ ಕಡೆ ಸರಿದ. ಅಲ್ಲಿಯ ಒಡೆಯ ಇಮಾದ್-ಉಲ್-ಮುಲ್ಕ್ ಕೊಟ್ಟ ಸಲಹೆ ಸರಳವಾಗಿತ್ತು. ಸದ್ಯಕ್ಕೆ ಸುನ್ನಿ ಖುತ್ಬಾ ಓದಿಸಿಬಿಡು, ಇವರಿಗೆ ಕಾದಾಡಲು ನೆಪವೇ ಉಳಿಯುವುದಿಲ್ಲ. ಯೂಸುಫ್ ಹಾಗೆಯೇ ಮಾಡಿದ. ದಂಡುಗಳು ಚದುರಿದವು. ಊರಿಗೆ ಮರಳಿದ ಮೇಲೆ ಮತ್ತೆ ಶಿಯಾ ಖುತ್ಬಾ ಶುರುವಾಯಿತು.

ಧರ್ಮ ಉಳಿಸಲು ಬಂದೆವೆಂದ ಆ ನೆರೆಯವರ ಮುಂದಿನ ಕಥೆ ಇನ್ನೂ ಸ್ವಾರಸ್ಯಕರ. ಗೋಲ್ಕೊಂಡದ ಕುಲಿ ಕುತುಬ್-ಉಲ್-ಮುಲ್ಕ್ ಮುಂದೆ ತನ್ನ ರಾಜ್ಯದಲ್ಲಿ ತಾನೇ ಶಿಯಾ ಖುತ್ಬಾ ಓದಿಸಿದ. ಅಹಮದನಗರದ ದೊರೆಯ ಮಗ ಬುರ್ಹಾನ್ ನಿಜಾಮ್ ಶಾಹ 1537ರಲ್ಲಿ ಶಿಯಾ ಆದ. 1502ರ ದಂಡಯಾತ್ರೆಯಲ್ಲಿ ಧರ್ಮದ ಪಾಲೆಷ್ಟು, ಗಡಿ ಜಗಳದ ಪಾಲೆಷ್ಟು ಎಂಬುದನ್ನು ಇದರ ಮೇಲೆ ಓದುಗರೇ ಅಳೆಯಬಹುದು.

ಯೂಸುಫ್ 1510ರಲ್ಲಿ ತೀರಿಕೊಂಡ. ಪೋರ್ಚುಗೀಸರು ಗೋವೆಗಾಗಿ ಬಡಿದಾಡುತ್ತಿದ್ದ ವರ್ಷ ಅದು. ಅವರ ಬರಹಗಳಲ್ಲಿ ಯೂಸುಫನ ಹೆಸರು 'ಸಬಾಯೊ' ಎಂದಿದೆ. ಅವನ ದೇಹವನ್ನು ರಾಜಧಾನಿಯಲ್ಲಿ ಮಣ್ಣು ಮಾಡದೆ ಗೋಗಿಗೆ ತಂದರು. ಚಂದಾ ಹುಸೇನಿಯವರಲ್ಲಿ ಅವನಿಗೆ ಅಪಾರ ಭಕ್ತಿಯಿತ್ತು ಎಂಬುದೇ ಇದಕ್ಕೆ ಕಾರಣ. ಖುತ್ಬಾಕ್ಕಾಗಿ ರಾಜ್ಯವನ್ನೇ ಪಣಕ್ಕಿಟ್ಟವನು ಕೊನೆಗೆ ಬಯಸಿದ್ದು ಒಬ್ಬ ಸೂಫಿಯ ನೆರಳನ್ನು.

ವೀಳ್ಯದ ಕೈ, ಕಠಾರಿಯ ಕೈ

ಮಗ ಇಸ್ಮಾಯಿಲ್ ಇನ್ನೂ ಬಾಲಕ. ಆಡಳಿತ ಕಮಾಲ್ ಖಾನನ ಕೈಗೆ ಬಂತು. ಅವನು ದಖನಿ, ಸುನ್ನಿ. ಮೊದಲ ಕೆಲಸವಾಗಿ ಖುತ್ಬಾ ಬದಲಿಸಿದ. ಅಫಾಕಿ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕಳಚಿಹಾಕಿದ. ಆಮೇಲೆ ಸಿಂಹಾಸನದ ಮೇಲೇ ಕಣ್ಣು ಹಾಕಿದ.

ಇದನ್ನು ತಡೆದವಳು ಇಸ್ಮಾಯಿಲನ ತಾಯಿ. ಬೂಬೂಜಿ ಖಾನಂ ಎಂದು ಹೆಸರಾದ ಆಕೆ ಹುಟ್ಟಿನಿಂದ ಮರಾಠಾ ಮನೆತನದವಳು, ಮುಕುಂದರಾವ್ ಎಂಬ ಸರದಾರನ ತಂಗಿ. 1511ರಲ್ಲಿ ನಡೆದ ಘಟನೆಯನ್ನು ಫರಿಷ್ತಾ ವಿಸ್ತಾರವಾಗಿ ಬರೆದಿದ್ದಾನೆ. ಅರಮನೆಯ ನಂಬಿಕಸ್ಥ ಮುದುಕನೊಬ್ಬ, ಅವನ ಹೆಸರೂ ಯೂಸುಫನೇ, ಮಕ್ಕಾ ಯಾತ್ರೆಗೆ ಹೊರಟಿದ್ದೇನೆಂದು ಕಮಾಲ್ ಖಾನನ ಅಪ್ಪಣೆ ಪಡೆಯಲು ಹೋದ. ಖಾನ ಬೀಳ್ಕೊಡುವ ವೀಳ್ಯ ಕೊಡಲು ಕೈ ಚಾಚಿದ. ಮುದುಕ ಕಠಾರಿಯಿಂದ ತಿವಿದ. ಅವನೂ ಅಲ್ಲೇ ಹತನಾದ.

ಕಮಾಲ್ ಖಾನನ ತಾಯಿಯೂ ಸಾಮಾನ್ಯಳಲ್ಲ. ಮಗ ಸತ್ತ ಸುದ್ದಿ ಹೊರಬೀಳದಂತೆ ಹೆಣಕ್ಕೆ ಉಡುಪು ತೊಡಿಸಿ, ಬದುಕಿದ್ದಾನೆ ಎಂಬಂತೆ ಕುಳ್ಳಿರಿಸಿ, ಮೊಮ್ಮಗ ಸಫ್ದರ್ ಖಾನನನ್ನು ಅರಮನೆಯ ಮೇಲೆ ಕಳಿಸಿದಳು. ಅರಮನೆಯೊಳಗೆ ಇದ್ದ ಬಂಟರು ಕೆಲವೇ ಮಂದಿ. ರಾಣಿಯೂ ಇಸ್ಮಾಯಿಲನ ಸೋದರತ್ತೆಯ ಸ್ಥಾನದಲ್ಲಿದ್ದ ದಿಲ್‌ಶಾದ್ ಆಗಾ ಎಂಬ ಹೆಂಗಸೂ ಗಂಡುಡುಗೆ ತೊಟ್ಟು ಮಾಳಿಗೆಯ ಮೇಲೆ ನಿಂತು ಬಾಣ ಬಿಟ್ಟರು. ಕೆಲಸ ಕಳೆದುಕೊಂಡಿದ್ದ ಅಫಾಕಿಗಳು ಹಗ್ಗ ಹಿಡಿದು ಗೋಡೆ ಹತ್ತಿ ಒಳಗೆ ಸೇರಿಕೊಂಡರು. ಬಾಣವೊಂದು ಕಣ್ಣಿಗೆ ನೆಟ್ಟು ಸಫ್ದರ್ ಗೋಡೆಯ ಬುಡಕ್ಕೆ ಬಂದಾಗ ಮೇಲಿನಿಂದ ಬಾಲಕ ಇಸ್ಮಾಯಿಲ್ ಕಲ್ಲುಗುಂಡು ಉರುಳಿಸಿದನಂತೆ. ಮರಾಠಾ ತಾಯಿ, ಶಿಯಾ ಖುತ್ಬಾ, ಇರಾನಿ ಸೈನಿಕರು ಒಂದೆಡೆ. ದಖನಿ ಪ್ರಧಾನಿ ಇನ್ನೊಂದೆಡೆ. ಪಂಥದ ಹೆಸರಿನಲ್ಲಿ ನಡೆದ ಜಗಳಗಳು ಎಷ್ಟು ಜಟಿಲವಾಗಿರುತ್ತವೆ ಎನ್ನಲು ಈ ಒಂದು ದಿನ ಸಾಕು.

ಹನ್ನೆರಡು ಮೊನೆಯ ಕೆಂಪು ಟೊಪ್ಪಿಗೆ

ದೊಡ್ಡವನಾದ ಇಸ್ಮಾಯಿಲ್ ಆ ದಿನವನ್ನು ಮರೆಯಲಿಲ್ಲ. ಇನ್ನು ಮುಂದೆ ಸೇನೆಯಲ್ಲಿ ದಖನಿಗಳನ್ನೂ ಹಬಶಿಗಳನ್ನೂ ಸೇರಿಸುವುದಿಲ್ಲ ಎಂದು ಹಟ ತೊಟ್ಟ. ಹನ್ನೆರಡು ವರ್ಷ ಹಾಗೆಯೇ ನಡೆಸಿದ. 1519ರಲ್ಲಿ ಇರಾನಿನ ಶಾಹನ ರಾಯಭಾರಿ ವಿಜಾಪುರಕ್ಕೆ ಬಂದು, ಇಸ್ಮಾಯಿಲನನ್ನು ಸ್ವತಂತ್ರ ದೊರೆಯೆಂದು ಸಂಬೋಧಿಸಿದ ಪತ್ರ ಕೊಟ್ಟಾಗ ಅವನ ಹಿಗ್ಗಿಗೆ ಪಾರವಿರಲಿಲ್ಲ. ತನ್ನ ಸೈನಿಕರೆಲ್ಲ ಇರಾನಿನವರಂತೆ ಹನ್ನೆರಡು ಮೊನೆಗಳ ಕೆಂಪು ಟೊಪ್ಪಿಗೆ ಧರಿಸಬೇಕೆಂದು ಆಜ್ಞೆ ಮಾಡಿದ. ಒಂದೊಂದು ಮೊನೆ ಒಬ್ಬೊಬ್ಬ ಇಮಾಮರ ನೆನಪಿಗೆ. ಶುಕ್ರವಾರದ ಪ್ರಾರ್ಥನೆಯಲ್ಲಿ ಇರಾನಿನ ರಾಜವಂಶದ ಹೆಸರೂ ಸೇರಿತು.

1534ರಲ್ಲಿ ಇಸ್ಮಾಯಿಲ್ ಈಗಿನ ತೆಲಂಗಾಣದ ಕೋಯಿಲಕೊಂಡ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಕಾಯಿಲೆ ಬಿದ್ದು ತೀರಿಕೊಂಡ. ವೈರಿಗಳಿಗೆ ಗೊತ್ತಾಗದಿರಲೆಂದು ಸರದಾರ ಅಸದ್ ಖಾನ್ ಸಾವನ್ನು ಮುಚ್ಚಿಟ್ಟು, ದೇಹವನ್ನು ಗುಟ್ಟಾಗಿ ಗೋಗಿಗೆ ಸಾಗಿಸಿದ. ನಕ್ಷೆಯ ಮೇಲೆ ಕೋಯಿಲಕೊಂಡದಿಂದ ಗೋಗಿಗೆ ನೇರ ಗೆರೆ ಎಳೆದರೆ ಅದು ಯಾದಗಿರಿಯ ಹತ್ತಿರವೇ ಹಾದುಹೋಗುತ್ತದೆ. ಯಾದಗಿರಿ ಕೋಟೆಯ ಕಾವಲಿನವರ ಕಣ್ಣೆದುರೇ ಆ ಪಲ್ಲಕ್ಕಿ ಹೋಗಿರಲಿಕ್ಕೂ ಸಾಕು.

ಮೊಮ್ಮಗನ ತಿರುವು

ಇಸ್ಮಾಯಿಲನ ಹಿರಿಯ ಮಗ ಮಲ್ಲು ಕೆಲವೇ ತಿಂಗಳು ಆಳಿ, ಅಜ್ಜಿಯ ಸಿಟ್ಟಿಗೆ ಗುರಿಯಾಗಿ ಪದಚ್ಯುತನಾದ. ತಮ್ಮ ಇಬ್ರಾಹೀಂ ಪಟ್ಟಕ್ಕೆ ಬಂದ.

ಇಬ್ರಾಹೀಂ ಬಂದೊಡನೆ ಹನ್ನೆರಡು ಇಮಾಮರ ಹೆಸರು ಖುತ್ಬಾದಿಂದ ಹೋಯಿತು. ಸುನ್ನಿ ಪಂಥದ ಹನಫಿ ಸಂಪ್ರದಾಯ ರಾಜ್ಯದ ಕ್ರಮವಾಯಿತು. ಕೆಂಪು ಟೊಪ್ಪಿಗೆ ನಿಂತಿತು. ಅಫಾಕಿ ಸೈನಿಕರಲ್ಲಿ ನಾನೂರು ಮಂದಿಯನ್ನಷ್ಟೇ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸಿದ. ಆ ಜಾಗಕ್ಕೆ ದಖನಿಗಳೂ ಹಬಶಿಗಳೂ ಮರಾಠರೂ ಬಂದರು. ಎಲ್ಲಕ್ಕಿಂತ ದೂರಗಾಮಿಯಾದದ್ದು ದಫ್ತರದ ಬದಲಾವಣೆ. ಅಲ್ಲಿಯವರೆಗೆ ಪರ್ಷಿಯನ್ನಿನಲ್ಲಿದ್ದ ಲೆಕ್ಕಪತ್ರ 'ಹಿಂದವಿ'ಗೆ ತಿರುಗಿತು ಎನ್ನುತ್ತಾನೆ ಫರಿಷ್ತಾ. ಹಿಂದವಿ ಎಂದರೆ ಇಲ್ಲಿ ಮರಾಠಿ ಎಂದೇ ಬಹಳ ವಿದ್ವಾಂಸರು ಅರ್ಥ ಮಾಡಿದ್ದಾರೆ. ಲೆಕ್ಕದ ಕೆಲಸ ಬ್ರಾಹ್ಮಣ ಗುಮಾಸ್ತರ ಪಾಲಾಯಿತು. ಕನ್ನಡ ಸೀಮೆಯ ನಡುವೆ ಇದ್ದ ರಾಜಧಾನಿಯಲ್ಲಿ ಕನ್ನಡದ ಸರದಿ ಆಗಲೂ ಬರಲಿಲ್ಲ ಎಂಬುದು ಬೇರೆ ಮಾತು.

ಹೀಗೆ ಖುತ್ಬಾದ ಒಂದು ಸಾಲು ಬದಲಾದರೆ ಸಾವಿರಾರು ಸಂಬಳಗಳು ಬದಲಾಗುತ್ತಿದ್ದವು. ಮಸೀದಿಯಲ್ಲಿ ಯಾವ ಹೆಸರು ಕೇಳಿಸಿತು ಎಂಬುದರ ಮೇಲೆ ಒಬ್ಬ ಶಿರಾಜಿನ ಕಾರಕೂನನ ಅನ್ನ, ಒಬ್ಬ ಮರಾಠಾ ಬಾರಗೀರನ ಕುದುರೆ ನಿಂತಿತ್ತು. ಆಗಿನ ಜನ ನಂಬಿಕೆಗಾಗಿ ಹೊಡೆದಾಡಲಿಲ್ಲ ಎಂದಲ್ಲ. ಹಾಗೆ ಹೇಳಿದರೆ ಅವರಿಗೆ ಅನ್ಯಾಯ. ಆದರೆ ನಂಬಿಕೆಯ ಜೊತೆ ರೊಟ್ಟಿಯೂ ಕೂಡಿದಾಗ ಜಗಳ ಬೇಗ ಆರುವುದಿಲ್ಲ.

ಕೆಲಸ ಕಳೆದುಕೊಂಡ ಅಫಾಕಿಗಳು ಎಲ್ಲಿ ಹೋದರು? ಸುಮಾರು 3000 ಮಂದಿ ಕೃಷ್ಣೆ ದಾಟಿ ವಿಜಯನಗರದ ರಾಮರಾಯನ ಸೇನೆ ಸೇರಿದರು ಎಂದು ಫರಿಷ್ತಾ ದಾಖಲಿಸಿದ್ದಾನೆ. ಹಿಂದೂ ದೊರೆಗೆ ತಲೆಬಾಗಲು ಅವರು ಹಿಂಜರಿಯಬಾರದೆಂದು ರಾಮರಾಯ ತನ್ನ ಮುಂದೆ ಕುರಾನನ್ನು ಇಡಿಸುತ್ತಿದ್ದನಂತೆ. ಬಂದವರು ಬಾಗುತ್ತಿದ್ದದ್ದು ಗ್ರಂಥಕ್ಕೆ; ಮುಜರೆ ಸಲ್ಲುತ್ತಿದ್ದದ್ದು ದೊರೆಗೆ. ಇಬ್ಬರಿಗೂ ಅಡ್ಡಿಯಿಲ್ಲ.

ಫರಿಷ್ತಾನ ಮಾತನ್ನು ಪದೇ ಪದೇ ಉದ್ಧರಿಸುವಾಗ ಒಂದು ಎಚ್ಚರಿಕೆ ಅಗತ್ಯ. ಅವನು ಇರಾನ್ ಮೂಲದವನು, ಸ್ವತಃ ಶಿಯಾ. 1589ರಲ್ಲಿ ವಿಜಾಪುರಕ್ಕೆ ಬಂದು, ಸುನ್ನಿ ಕ್ರಮಕ್ಕೆ ಮರಳಿದ್ದ ಎರಡನೆಯ ಇಬ್ರಾಹೀಮನ ಆಸ್ಥಾನದಲ್ಲಿ ಕುಳಿತು ಬರೆದವನು. ಯಾರನ್ನು ಹೊಗಳಬೇಕು, ಎಲ್ಲಿ ನಾಲಿಗೆ ಹಿಡಿಯಬೇಕು ಎಂಬ ಲೆಕ್ಕ ಅವನಿಗೂ ಇದ್ದೇ ಇತ್ತು.

ಅಪ್ಪನ ಮಾತಿಗೆ ಮಗನ ಉತ್ತರ

ಅವನೇ ಹೇಳುವ ಒಂದು ಪ್ರಸಂಗ ಇಡೀ ಮನೆತನದ ಕಥೆಯನ್ನು ಹಿಡಿದುಕೊಡುತ್ತದೆ. ಒಮ್ಮೆ ಇಬ್ರಾಹೀಂ, ತನ್ನ ತಂದೆ ಮತ್ತು ಅಜ್ಜ ಹಿಡಿದ ತಪ್ಪುದಾರಿಯನ್ನು ಬಿಡುವ ಬುದ್ಧಿ ಕೊಟ್ಟದ್ದಕ್ಕೆ ದೇವರನ್ನು ಸ್ತುತಿಸುತ್ತಿದ್ದನಂತೆ. ಅಲ್ಲೇ ಇದ್ದ ಮಗ ಅಲಿ, ತಂದೆಯ ಪಂಥ ಬಿಡುವುದು ಒಳ್ಳೆಯದೆನ್ನುವುದಾದರೆ ಎಲ್ಲ ಮಕ್ಕಳೂ ಹಾಗೆಯೇ ಮಾಡಬೇಕಲ್ಲವೇ ಎಂಬ ಅರ್ಥದ ಮಾತಾಡಿದ. ಇಬ್ರಾಹೀಮನಿಗೆ ನಗು ಬರಲಿಲ್ಲ. ಹುಡುಗನ ತಲೆ ಕೆಡಿಸಿದವನು ಗುರುವೇ ಎಂದು ತೀರ್ಮಾನಿಸಿ, ಶಿರಾಜಿನಿಂದ ಬಂದಿದ್ದ ಆ ಗುರುವನ್ನು ಕೊಲ್ಲಿಸಿದ. ಆಮೇಲೆ ನೇಮಿಸಿದ ಗುರು ಹೊರಗೆ ಸುನ್ನಿಯಂತೆ ನಡೆದುಕೊಳ್ಳುತ್ತಿದ್ದ, ಒಳಗೆ ಅವನೂ ಶಿಯಾ! ಕೊನೆಗೆ ಮಗನನ್ನು ಮಿರಜ ಕೋಟೆಯಲ್ಲಿ ಕಾವಲಿನಲ್ಲಿಟ್ಟ.

1558ರಲ್ಲಿ ಇಬ್ರಾಹೀಂ ತೀರಿಕೊಂಡ. ಅವನನ್ನೂ ಗೋಗಿಗೇ ತಂದರು. ಯಾವ ಅಜ್ಜನ, ಯಾವ ಅಪ್ಪನ ಪಂಥವನ್ನು ತೊರೆದಿದ್ದನೋ ಅವರ ಬಳಿಯಲ್ಲೇ ಅವನಿಗೆ ಜಾಗವಾಯಿತು. ಚಂದಾ ಹುಸೇನಿಯವರ ಸನ್ನಿಧಿ ಬಿಟ್ಟು ಬೇರೆಡೆ ಹೋಗಬೇಕೆಂದು ಅವನಿಗೂ ಅನ್ನಿಸಲಿಲ್ಲ ಎಂಬುದನ್ನು ಗಮನಿಸಬೇಕು. ಖುತ್ಬಾ ಅರಮನೆಯ ಮಾತಾಗಿತ್ತು. ಪೀರರ ಮೇಲಿನ ಭಕ್ತಿ ಮನೆತನದ ಮಾತಾಗಿತ್ತು.

ಮಿರಜದಿಂದ ಬಂದು ಪಟ್ಟವೇರಿದ ಅಲಿ ಮತ್ತೆ ಶಿಯಾ ಖುತ್ಬಾ ಓದಿಸಿದ, ಅಫಾಕಿಗಳನ್ನು ಮತ್ತೆ ಕರೆಸಿದ. ಸುರಪುರದ ಹುಣಸಗಿ ಸೀಮೆಗೆ ಹೊಂದಿಕೊಂಡ ತಾಳಿಕೋಟೆಯ ಹೆಸರಿನಲ್ಲಿ ಪ್ರಸಿದ್ಧವಾದ 1565ರ ಯುದ್ಧದಲ್ಲಿ ಸುಲ್ತಾನರ ಪೈಕಿ ಇವನೂ ಒಬ್ಬ. ಇವನ ರಾಣಿಯೇ ಚಾಂದಬೀಬಿ. 1841ರಿಂದ ಹಲವು ವರ್ಷ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಮುಂದೆ ಆಕೆಯ ಮೇಲೆ 'ಎ ನೋಬಲ್ ಕ್ವೀನ್' ಎಂಬ ಕಾದಂಬರಿಯನ್ನೇ ಬರೆದ. 1580ರಲ್ಲಿ ಅಲಿ ಕೊಲೆಯಾದಾಗ ಗೋರಿ ಎದ್ದದ್ದು ವಿಜಾಪುರದಲ್ಲಿ. ಗೋಗಿಯ ಸರದಿ ಅಲ್ಲಿಗೆ ಮುಗಿಯಿತು. ಒಂಬತ್ತು ವರ್ಷದ ಎರಡನೆಯ ಇಬ್ರಾಹೀಂ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಹಬಶಿ ಸರದಾರ ದಿಲಾವರ್ ಖಾನ್ ಸುನ್ನಿ ಖುತ್ಬಾವನ್ನು ಮತ್ತೆ ತಂದ. ದೊಡ್ಡವನಾದ ಮೇಲೆ ಆ ಇಬ್ರಾಹೀಂ ತನ್ನ 'ಕಿತಾಬ್-ಇ-ನವರಸ್' ಹಾಡುಗಳಲ್ಲಿ ಸರಸ್ವತಿಯನ್ನೂ ಕಲಬುರಗಿಯ ಬಂದೇನವಾಜರನ್ನೂ ಸ್ತುತಿಸಿದ್ದು ಎಲ್ಲರಿಗೂ ಗೊತ್ತಿರುವ ವಿಷಯ.

ಹೊಳೆದಂಡೆಯ ಇನ್ನೊಂದು ಒಡಕು

ವಿಜಾಪುರದಲ್ಲಿ ಇಷ್ಟೆಲ್ಲ ನಡೆಯುತ್ತಿದ್ದ ಶತಮಾನದಲ್ಲೇ ಸುರಪುರ ಸೀಮೆಯಲ್ಲಿ ಬೇರೊಂದು ಬಗೆಯ ಪಂಥಗಳು ಹುಟ್ಟಿಕೊಂಡವು. ಇವಕ್ಕೆ ಸಿಂಹಾಸನದ ಗೊಡವೆ ಇರಲಿಲ್ಲ.

ಕೊಡೇಕಲ್ಲು ಹಿಂದೆ ಸುರಪುರ ತಾಲ್ಲೂಕಿನಲ್ಲಿತ್ತು, ಈಗ ಹುಣಸಗಿ ತಾಲ್ಲೂಕಿನಲ್ಲಿದೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ ಕೊಡೇಕಲ್ಲ ಬಸವಣ್ಣನನ್ನು ಅನುಯಾಯಿಗಳು ಕಲ್ಯಾಣದ ಬಸವಣ್ಣನೇ ಮರಳಿ ಬಂದ ಅವತಾರವೆಂದು ನಂಬಿದರು. ಮುಂದಾಗುವುದನ್ನು ಸಾರುವ ಕಾಲಜ್ಞಾನ ಈ ಪರಂಪರೆಯ ಮುಖ್ಯ ಸಾಹಿತ್ಯ. ಹೊರಗಿನವರಿಗೆ ಸುಲಭವಾಗಿ ತಿಳಿಯದ 'ಅಮರಗನ್ನಡ' ಎಂಬ ಲಿಪಿಯಲ್ಲಿ ಅದನ್ನು ಬರೆದಿಟ್ಟರು. ವೀರಶೈವದ ಪ್ರಧಾನ ಧಾರೆಯಿಂದ ಇದು ಬೇರೆಯಾಗಿಯೇ ಬೆಳೆಯಿತು. ಹಿಂದೂ ಮತ್ತು ಮುಸ್ಲಿಂ ಎರಡೂ ಕಡೆಯ ಆಚಾರ, ಮಾತು ಅದರೊಳಗೆ ಬೆರೆತವು.

ದೂರದ ಮಂಡ್ಯ, ಚಾಮರಾಜನಗರಗಳಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಕ್ಕೂ ಕೊಡೇಕಲ್ಲಿಗೂ ನಂಟಿದೆ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಕಪ್ಪಡಿಯ ರಾಚಪ್ಪಾಜಿ ಕೊಡೇಕಲ್ಲ ಬಸವಣ್ಣನ ಮಗನೇ ಎಂಬುದು ಅವರ ಅಭಿಪ್ರಾಯ. ಆ ಕಾವ್ಯದಲ್ಲಿ ಮಂಟೇಸ್ವಾಮಿ ಕೊಳಕು ಭಿಕ್ಷುಕನ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ಅಲ್ಲಿಯ ಶರಣರನ್ನು ಪರೀಕ್ಷಿಸುತ್ತಾನೆ. ಒಳಗೆ ಕುಳಿತವರು ಹೊರಗೆ ನಿಂತವನನ್ನು ಹೇಗೆ ಕಂಡರು ಎಂಬುದೇ ಅಲ್ಲಿಯ ಪ್ರಶ್ನೆ. ಒಡಕು ಯಾವಾಗಲೂ ಪಟ್ಟದ ಆಸೆಯಿಂದ ಆಗುವುದಿಲ್ಲ, ಬಾಗಿಲಲ್ಲಿ ಕಾಯಿಸಿದ ನೋವಿನಿಂದಲೂ ಆಗುತ್ತದೆ.

ಕೃಷ್ಣೆಯ ದಂಡೆಯ ತಿಂಥಣಿಯದು ಇದಕ್ಕೆ ಹತ್ತಿರದ ಕಥೆ. ಸುರಪುರ ಬಳಿಯ ದೇವರಗೋನಾಲದಲ್ಲಿ ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದ ಮೌನಪ್ಪಯ್ಯ ಹಿಂದೂಗಳಿಗೆ ಮೌನೇಶ್ವರ, ಮುಸ್ಲಿಮರಿಗೆ ಮೌನುದ್ದೀನ. ಅವನ ವಚನಗಳ ಅಂಕಿತ 'ಬಸವಣ್ಣ'. ಭಾರತ ಹುಣ್ಣಿಮೆಯ ಜಾತ್ರೆಗೆ ಎರಡೂ ಕಡೆಯವರು ಬರುತ್ತಾರೆ. ಇಲ್ಲಿ ಯಾರ ಹೆಸರು ಓದಬೇಕು ಎಂಬ ಜಗಳಕ್ಕೆ ಎಡೆಯಿಲ್ಲ, ಏಕೆಂದರೆ ಎರಡು ಹೆಸರೂ ಒಬ್ಬನವೇ.

ಅಲಾಯಿ ಕುಣಿಯ ಸುತ್ತ

1686ರಲ್ಲಿ ಔರಂಗಜೇಬ ವಿಜಾಪುರವನ್ನು ಗೆದ್ದುಕೊಂಡಾಗ ಆದಿಲ್‌ಶಾಹಿಯೇ ಇಲ್ಲವಾಯಿತು. ಖುತ್ಬಾದಲ್ಲಿ ಮೊಗಲ ದೊರೆಯ ಹೆಸರು ಬಂತು. ಆಮೇಲೆ ನಿಜಾಮರ ಕಾಲ. ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಲ್ಲಿ ಇಂದು ಇರುವ ಮುಸ್ಲಿಮರಲ್ಲಿ ಬಹುತೇಕರು ಸುನ್ನಿಗಳು. ಇಸ್ಮಾಯಿಲನ ಕೆಂಪು ಟೊಪ್ಪಿಗೆಯ ನೆನಪು ಕೂಡ ಯಾರಿಗೂ ಇಲ್ಲ.

ಆದರೆ ಮೊಹರಂ ತಿಂಗಳು ಬಂದಾಗ ಇದೇ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡುತ್ತಾರೆ, ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಾರೆ. ಪಂಜಾಗಳನ್ನು ಪೆಟ್ಟಿಗೆಯಿಂದ ತೆಗೆದು ಬಟ್ಟೆ ಸುತ್ತಿ ಕೂಡಿಸುತ್ತಾರೆ. ಅವಕ್ಕೆ ಜನ ಕೊಟ್ಟ ಹೆಸರು ಅಲಾಯಿ ದೇವರು. ಕರ್ಬಲಾದಲ್ಲಿ ಹಸೇನ, ಹುಸೇನರ ಮನೆಯವರು ನೀರಿಲ್ಲದೆ ಬಳಲಿದ ಕಥೆಯನ್ನು ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಅದೂ ಅಚ್ಚ ಕನ್ನಡದಲ್ಲಿ, ಇದೇ ಸೀಮೆಯ ಮಾತಿನಲ್ಲಿ. ಹೆಜ್ಜೆ ಹಾಕುವವರಲ್ಲಿ ಲಿಂಗಾಯತರಿದ್ದಾರೆ, ಕುರುಬರಿದ್ದಾರೆ, ಬೇಡರಿದ್ದಾರೆ, ದಲಿತರಿದ್ದಾರೆ. ಹರಕೆ ಹೊತ್ತ ಹಿಂದೂ ಮನೆಗಳ ಹುಡುಗರು ಆ ದಿನಗಳ ಮಟ್ಟಿಗೆ ಫಕೀರರಾಗುತ್ತಾರೆ. ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ದೇವರು ಕೂಡುವುದುಂಟು.

ಹುಸೇನರ ಶೋಕ ಶಿಯಾಗಳಿಗೆ ಮಾತ್ರ ಸೇರಿದ್ದಲ್ಲ. ಸುನ್ನಿಗಳೂ ಸೂಫಿಗಳೂ ಅದನ್ನು ಆಚರಿಸುತ್ತ ಬಂದಿದ್ದಾರೆ. ಆದರೂ ಈ ನೆಲದಲ್ಲಿ ಅದು ಇಷ್ಟು ವ್ಯಾಪಕವಾಗಿ ಬೇರು ಬಿಟ್ಟದ್ದರಲ್ಲಿ ದಖ್ಖನ್ನಿನ ಶಿಯಾ ದೊರೆಗಳು ನೀಡಿದ ಪ್ರೋತ್ಸಾಹದ ಪಾಲೂ ಇದೆ. ಪಂಥ ಪಕ್ಷಗಳ ಗೊಡವೆಯಿಲ್ಲದ ರೈತಾಪಿ ಜನಕ್ಕೆ ಅದರಲ್ಲಿ ಹಿಡಿಸಿದ್ದು ಎಳೆಯ ಮಕ್ಕಳಿಗೆ ನೀರು ಸಿಗದೆ ಹೋದ ಸಂಗತಿ. ಮಳೆ ಕೈಕೊಡುವ ಸೀಮೆಯವರಿಗೆ ಅದನ್ನು ಬೇರೆ ವಿವರಿಸಿ ಹೇಳಬೇಕಾಗಿರಲಿಲ್ಲ. ಕತ್ತಲ ರಾತ್ರಿ ಬೆಂಕಿಯ ಸುತ್ತ ಹೆಜ್ಜೆ ಹಾಕಿ, ದಫನ್ನಿನ ದಿನ ದೇವರುಗಳನ್ನು ಹಳ್ಳಕ್ಕೋ ಬಾವಿಗೋ ಹೊತ್ತೊಯ್ದು ಬಂದ ಮೇಲೆ, ಪಂಜಾಗಳು ಮತ್ತೆ ಪೆಟ್ಟಿಗೆ ಸೇರುತ್ತವೆ.